ನಿಮ್ಮ ರಾಜಿ, ನಮ್ಮ ರಾಜಿ

ಮಂಠಾಳದ ನಮ್ಮ ಓಣಿಯಲ್ಲಿ ಎಂಟು ಗಂಟೆಯಾಯಿತೆಂದು ತಿಳಿಯಲು ಗಡಿಯಾರ ಬೇಕಿರಲಿಲ್ಲ. ಸಂಗಮ್ಮನ ಹಿಟ್ಟಿನ ಗಿರಣಿ ಶುರುವಾದರೆ ಎಂಟು ಆಯಿತೆಂದೇ ಲೆಕ್ಕ. ಆದರೆ ಆ ವರ್ಷ, ಎರಡು ಸಾವಿರದ ಎಂಟರಲ್ಲಿ, ದೀಪಾವಳಿ ಮುಗಿದ ಮೇಲೆ ಗಿರಣಿಯ ಸದ್ದು ಕೆಟ್ಟುಹೋಯಿತು. ಐದು ನಿಮಿಷ ತಿರುಗುತ್ತಿತ್ತು, ತಟ್ಟನೆ ನಿಲ್ಲುತ್ತಿತ್ತು. ಮತ್ತೆ ತಿರುಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ನಾವೆಲ್ಲ ಕರೆಂಟಿಗೆ ಬೈದೆವು.

ಕರೆಂಟಿನದು ತಪ್ಪಿರಲಿಲ್ಲ. ಓಣಿಯ ತಿರುವಿನಲ್ಲಿ ಯಾವುದೇ ಮೋಟರ್ ಸೈಕಲ್ ಸದ್ದು ಕೇಳಿದರೂ ಸಂಗಮ್ಮ ಗುಂಡಿ ಆರಿಸಿ ಒಳಗೆ ಹೋಗಿಬಿಡುತ್ತಿದ್ದಳು. ಹಾಲಿನವನ ಗಾಡಿಯಾದರೂ ಸರಿ, ಟಪಾಲಿನವನ ಗಾಡಿಯಾದರೂ ಸರಿ. ಅದು ದಾಟಿ ಹೋದ ಮೇಲೆ ಹೊರಗೆ ಬಂದು, ಸೆರಗಿನಿಂದ ಆಗಲೇ ಒರೆಸಿದ ತೊಟ್ಟಿಯನ್ನೇ ಮತ್ತೆ ಒರೆಸುತ್ತಿದ್ದಳು.

ಗಿರಣಿಗೆ ಹೊಸ ಮೋಟರು ಮತ್ತು ಕಲ್ಲು ಕೊಳ್ಳಲು ಅವಳು ಮತ್ತು ಗಂಡ ಗುರುನಾಥ ಹುಮನಾಬಾದಿನ ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲ ಮಾಡಿದ್ದರು. ತಿಂಗಳಿಗೆ ಎರಡು ಸಾವಿರದ ನಾಲ್ಕು ನೂರು ರೂಪಾಯಿ ಕಿಸ್ತು. ಒಂದು ವರ್ಷ ಒಂದು ದಿನವೂ ತಪ್ಪಿಸದೆ ಕಟ್ಟಿದರು. ಶ್ರಾವಣದಲ್ಲಿ ಗುರುನಾಥನ ಬಲಗೈ ಗಿರಣಿಯ ತಿರುಗುವ ಬೆಲ್ಟಿಗೆ ಸಿಕ್ಕಿತು. ಬೀದರಿನ ದವಾಖಾನೆಯಲ್ಲಿ ಇಪ್ಪತ್ತೆರಡು ದಿನ. ಎರಡು ಬೆರಳು ಹೋದವು. ಕೂಡಿಟ್ಟ ಹಣವೂ ಹೋಯಿತು. ಮೂರು ಕಿಸ್ತು ನಿಂತವು.

ಆಗ ವಸೂಲಿಯವರು ಬರತೊಡಗಿದರು. ಇಬ್ಬರು. ಮಾತಾಡುವವನ ಹೆಸರು ಓಂಪ್ರಕಾಶ. ಗಾಡಿ ನಡೆಸುವವನ ಹೆಸರು ಅಮೃತ. ಈ ಎರಡನೆಯವನು ಬಾಯಿ ಬಿಡುತ್ತಿದ್ದುದು ಕಡಿಮೆ. ಅವರು ಬರುತ್ತಿದ್ದುದು ಸರಿಯಾಗಿ ಹೆಂಗಸರು ಜೋಳದ ಬುಟ್ಟಿ ಹಿಡಿದು ಬರುವ ಹೊತ್ತಿಗೆ. ಗಿರಣಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂಡುತ್ತಿದ್ದರು.

"ಏನ್ರಿ ಸಂಗಮ್ಮಾ," ಎನ್ನುತ್ತಿದ್ದ ಓಂಪ್ರಕಾಶ, ಓಣಿಗೆಲ್ಲ ಕೇಳುವಂತೆ. "ಮೋಟರ್ ತಿರುಗ್ತದ, ಕಲ್ಲು ತಿರುಗ್ತದ. ನಮ್ಮ ರೊಕ್ಕ ಒಂದು ತಿರುಗಂಗಿಲ್ಲೇನು?"

"ಕೊಡ್ತೀವ್ರಿ. ಅವ್ರ ಕೈ ಜರಾ ಮಾಯಲಿ."

"ಕೈ ಅವ್ರದು. ಬಾಯಿ ನಿಮ್ಮದು ಗಟ್ಟೇ ಅದ ಅಲಾ?" ಎಂದು ಹೇಳಿ, ಹೆಂಗಸರ ಕಡೆ ತಿರುಗುತ್ತಿದ್ದ. "ನೀವು ಇಲ್ಲಿ ಜ್ವಾಳ ಹಾಕಾಕತ್ತೀರಿ. ನಾಳಿ ಈ ಗಿರಣಿ ಇರ್ತದೋ ಇಲ್ಲೋ. ನಿಮ್ಮ ಹಿಟ್ಟು ಒಳಗ ಸಿಕ್ಕೊಂಡ್ರ ನನಗ ಕೇಳಬ್ಯಾಡ್ರಿ ಮತ್ತ!"

ಆಚೆ ಮನೆಯ ಹಜಿರಾ ಬೀ ಒಬ್ಬಳೇ ಅವನಿಗೆ ಎದುರು ಮಾತಾಡಿದ್ದು. "ನಮ್ಮ ಹಿಟ್ಟಿನ ಫಿಕರ್ ನಿನಗ್ಯಾಕೋ ಬಾಬಾ? ಮುಂಜಾನೆದ್ದು ಮಂದಿ ಕಟ್ಟಿ ಮ್ಯಾಲ ಕೂಡ್ತಿ, ನಿನ್ನ ಮನ್ಯಾಗ ರೊಟ್ಟಿ ಮಾಡಲ್ಲೇನು?"

ಹೆಂಗಸರು ನಕ್ಕರು. ಆದರೆ ಮರುದಿನ ನಕ್ಕವರಲ್ಲಿ ಅರ್ಧ ಜನ ಬರಲಿಲ್ಲ. ಯಾರಿಗೂ ಸಂಗಮ್ಮನ ಮೇಲೆ ಸಿಟ್ಟಿರಲಿಲ್ಲ. ಬೈಗುಳದ ನಡುವೆ ನಿಂತು ಹಿಟ್ಟು ಬೀಸಿಸಲು ಯಾರಿಗಾದರೂ ಕಷ್ಟ. ನಾನೂ ನನ್ನ ಗೋಧಿಯ ಡಬ್ಬಿಯನ್ನು ಎರಡು ವಾರ ಬಸ್ ಸ್ಟ್ಯಾಂಡಿನ ಹತ್ತಿರದ ಗಿರಣಿಗೆ ಕಳಿಸಿದೆ. ಅವಳ ಮನೆಯ ಮುಂದೆ ದಾಟುವಾಗ ಸೆರಗು ಮುಂದಕ್ಕೆ ಎಳೆದುಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಗಿರಾಕಿ ಇಲ್ಲದ ಗಿರಣಿಯಿಂದ ಕಿಸ್ತು ಎಲ್ಲಿಂದ ಹುಟ್ಟಬೇಕು? ಕೇಳಲು ಬಂದವರೇ ಕೊಡುವ ದಾರಿಯನ್ನು ಮುಚ್ಚಿ ಕೂತಿದ್ದರು.

ಒಂದು ಬುಧವಾರ ಓಂಪ್ರಕಾಶ ಬೇರೆಯೇ ಧಾಟಿಯಲ್ಲಿ ಮಾತಾಡಿದ. ದನಿ ತಗ್ಗಿಸಿದ. ಸಂಗಮ್ಮನಿಗೆ "ಅಕ್ಕಾ" ಎಂದ.

"ನೋಡಕ್ಕಾ, ನಾವೇನ್ ರಾಕ್ಷಸರಲ್ಲ. ನಿಮ್ಮ ತ್ರಾಸ ನಮಗ ತಿಳೀತದ. ಸಾಬ್ ಹೇಳ್ಯಾರ, ರಾಜಿ ಕಾಗದ ಮಾಡಿಬಿಡ್ರಿ ಅಂತ. ಶುಕ್ರವಾರ ತರ್ತೀನಿ. ಗಂಡ ಹೆಂಡ್ತಿ ಇಬ್ರೂ ಸಹಿ ಹಾಕ್ರಿ. ಆಮ್ಯಾಲ ನಾ ನಿಮ್ಮ ಕಟ್ಟಿ ಮ್ಯಾಲ ಕೂಡಂಗಿಲ್ಲ, ದೇವರಾಣಿ."

"ಖರೇನ್ರಿ?"

"ಸುಳ್ಳು ಯಾಕ ಹೇಳಲಿ?"

ಸಂಗಮ್ಮನ ಮುಖ ನೋಡಬೇಕಿತ್ತು. ಅವರು ಬರತೊಡಗಿದ ಮೇಲೆ ಮೊದಲ ಸಲ ಅವಳು ಅವರಿಬ್ಬರಿಗೂ ಚಹಾ ಮಾಡಲು ಒಳಗೆ ಓಡಿದಳು.

ರಾಜಿ ಎಂಬ ಮಾತು ನಮ್ಮಲ್ಲಿ ಎಷ್ಟು ತಂಪಿನದೆಂದು ಹೇಳಬೇಕು. ಅಣ್ಣತಮ್ಮಂದಿರು ಬದುವಿಗಾಗಿ ಜಗಳಾಡಿದರೆ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. ಇವನು ಎರಡು ಹೆಜ್ಜೆ ಸರಿಯಬೇಕು, ಅವನು ಎರಡು ಹೆಜ್ಜೆ ಸರಿಯಬೇಕು. ಕೊನೆಗೆ ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಸಂಗಮ್ಮ ಅಂದುಕೊಂಡದ್ದು ಅದನ್ನೇ. ಅವಳಿಂದ ಸುದ್ದಿ ಕೇಳಿದ ನಾನೂ ಅದನ್ನೇ ಅಂದುಕೊಂಡೆ. ಕಂಪನಿ ಸ್ವಲ್ಪ ಬಿಡುತ್ತದೆ, ಇವರು ಸ್ವಲ್ಪ ಕಟ್ಟುತ್ತಾರೆ. ಒಳ್ಳೆಯದೇ ಆಯಿತು ಎಂದು ನಿಟ್ಟುಸಿರು ಬಿಟ್ಟೆ. ಸಂಗಮ್ಮ ಅರ್ಧ ಕಿಲೋ ಸಕ್ಕರೆ ತರಿಸಿದಳು, ಉದ್ರಿಯಲ್ಲಿ.

ಸಂಜೆ ಹಜಿರಾ ಬೀ ಬಂದಳು. ಬಾಗಿಲಲ್ಲೇ ನಿಂತಳು. ಕೂಡಲಿಲ್ಲ.

"ಸಂಗಕ್ಕಾ, ಒಂದು ಮಾತು ಕೇಳ್ತೀನಿ. ರಾಜಿ ಮಾಡಾಕ ಟೆಂಪೊ ಯಾಕ ಬೇಕು?"

"ಯಾವ ಟೆಂಪೊ?"

"ನೀ ಚಹಾ ಮಾಡಾಕ ಒಳಗ ಹೋದಿ ಅಲಾ, ಆಗ ಆ ಓಂಪ್ರಕಾಶ ಗಾಡಿ ಹತ್ರ ನಿಂತು ಫೋನ್ ಮಾಡ್ದ. ನಾ ಇಲ್ಲೇ ಜ್ವಾಳ ಹಸನ ಮಾಡಾಕತ್ತಿದ್ನಿ. 'ಹಾಂ ಸಾಬ್, ಮಾನ್ ಗಯೇ. ರಾಜಿಖುಷಿ ಸೇ ದೇ ರಹೇ. ಶುಕ್ರವಾರ ಟೆಂಪೊ ಭೇಜೋ' ಅಂದ. ಒಪ್ಯಾರಂತ, ರಾಜಿಖುಷಿಲೆ ಕೊಡಾಕತ್ತಾರಂತ, ಟೆಂಪೊ ಕಳಸಬೇಕಂತ! ಏನ್ ಕೊಡಾಕತ್ತೀರಿ ನೀವು?"

ಸಂಗಮ್ಮ ಗಂಡನ ಮುಖ ನೋಡಿದಳು. ಗುರುನಾಥ ಕೈಗೆ ಸುತ್ತಿದ ಬಟ್ಟೆಯ ಅಂಚನ್ನು ಕೀಳುತ್ತ ಕೂತಿದ್ದ. ಮೂರು ತಿಂಗಳಿಂದ ಅವನದು ಅದೇ ಕೆಲಸ.

"ರಾಜಿ ಅಂದ್ರ ರಾಜಿ. ಅದರಾಗೇನದ?" ಎಂದ ಅವನು.

"ನಿಮ್ಮ ರಾಜಿ ಬ್ಯಾರೆ, ನಮ್ಮ ರಾಜಿ ಬ್ಯಾರೆ ಭಾಯಿ," ಎಂದಳು ಹಜಿರಾ ಬೀ. "ನಿಮ್ಮ ರಾಜಿಯಾಗ ಇಬ್ರೂ ಬಗ್ಗಬೇಕು. ನಮ್ಮಲ್ಲಿ ನಿಕಾ ಹೊತ್ತಿನಾಗ ಹುಡುಗಿಗಿ ಕೇಳ್ತಾರ, ರಾಜಿ ಇದ್ದೀಯೇನವಾ ಅಂತ. ಆಕಿ ಹೂಂ ಅಂದ್ಲು, ಮುಗೀತು. ಹೊತ್ತು ಮುಣಗೋದ್ರಾಗ ಗಂಡನ ಮನಿಗಿ ಹೊಂಟಳು. ಅವ ಹೇಳಿದ್ದು ಈ ರಾಜಿ. ಶುಕ್ರವಾರ ನೀವು ಹೂಂ ಅಂತೀರಿ, ನಿಮ್ಮ ಗಿರಣಿ ಹುಮನಾಬಾದಿಗಿ ಹೊಂಡ್ತದ."

ನಾನು ಅಲ್ಲಿಯೇ ಇದ್ದೆ. ಡಿಗ್ರಿ ಓದಿದವಳು. ರಾಜೀನಾಮೆ ಎಂಬ ಪದವನ್ನು ಜೀವನದಲ್ಲಿ ನೂರು ಸಲ ಬರೆದಿರಬಹುದು. ಅದರೊಳಗಿರುವುದು ತಾನಾಗಿ ಒಪ್ಪಿ ಬಿಟ್ಟುಕೊಡುವ ಈ ರಾಜಿಯೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಶಾಲೆಗೆ ಹೋಗದ ಹಜಿರಾ ಬೀ ಒಂದೇ ಸಲ ಕೇಳಿ ಹಿಡಿದಿದ್ದಳು.

"ಹೆದರಸಾಕತ್ತೀರಿ ನೀವು," ಎಂದ ಗುರುನಾಥ. "ರೊಕ್ಕ ಕಟ್ಟಲಿಲ್ಲಂದ್ರ ಜೇಲಿಗಿ ಹಾಕಸ್ತೀನಿ ಅಂತ ಮೊದಲೇ ಅಂದಾನವ. ನಾವು ಕೊಡಬೇಕಾದವರು. ಕೊಡಬೇಕಾದವರಿಗಿ ಬಾಯಿ ಎಲ್ಲಿ ಇರ್ತದ? ಇಲ್ಲಾಂದ್ರ ಮಾರವಾಡಿ ಓಣ್ಯಾಗ ಒಬ್ಬ ಇದ್ದಾನ. ನೂರಕ್ಕ ಹತ್ತರಂಗ ಕೊಡ್ತಾನಂತ. ತಂದು ಇವರ ಮಾರಿ ಮ್ಯಾಲ ಒಗೀತೀನಿ."

"ನೂರಕ್ಕ ಹತ್ತು, ತಿಂಗಳಿಗಿ?" ಸಂಗಮ್ಮ ಎದ್ದು ನಿಂತಳು. ಕೂತಳು. ಮತ್ತೆ ಎದ್ದಳು. "ಇವರು ಮುಂಜಾನೆ ಬರ್ತಾರ. ಅವ ಮೂರ್ಹೊತ್ತೂ ಬರ್ತಾನ."

"ನನ್ನ ಅಣ್ಣನ ಹತ್ರ ನಡೀರಿ," ಎಂದಳು ಹಜಿರಾ ಬೀ. "ನಾಳಿ ಮೊದಲ ಬಸ್ಸಿಗಿ. ಹೋಗೋದ್ರಾಗ ಏನ್ ಕಳಕೋತೀರಿ?"

ಗುರುನಾಥ ಬರಲಿಲ್ಲ. ಕಾಗದ ಪತ್ರವೆಲ್ಲ ಉಳ್ಳವರ ಆಟ ಎಂದು ಗೋಡೆಗೆ ಮುಖ ಮಾಡಿದ. ಗುರುವಾರ ಬೆಳಿಗ್ಗೆ ನಾವು ಮೂವರು ಹೆಂಗಸರು ಬಸವಕಲ್ಯಾಣದ ಬಸ್ಸು ಹತ್ತಿದೆವು. ಸಂಗಮ್ಮ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದಳು. ಪಕ್ಕದಲ್ಲಿ ಮೋಟರ್ ಸೈಕಲ್ ಬಂದಾಗಲೆಲ್ಲ ತಲೆ ಒಳಗೆ ಎಳೆದುಕೊಂಡಳು. ಕಂಡಕ್ಟರ್ ಅವಳು ಕೊಟ್ಟ ಚಿಲ್ಲರೆಯಲ್ಲಿ ಒಂದು ರೂಪಾಯಿ ಕಡಿಮೆ ಇದ್ದುದನ್ನು ಎಣಿಸಿ ನೋಡಿದ. ನೋಡಿ, ಏನೂ ಹೇಳದೆ ಚೀಟಿ ಹರಿದು ಕೊಟ್ಟ.

ಹಜಿರಾ ಬೀಯ ಅಣ್ಣ ಶಂಶುದ್ದೀನ್ ತಹಸೀಲು ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆದುಕೊಡುವವರು. ಮೂವತ್ತು ವರ್ಷ ಅದೇ ಮರ, ಅದೇ ಮೇಜು. ಸಂಗಮ್ಮ ಅವರ ಮುಂದೆ ತಲೆ ತಗ್ಗಿಸಿ ನಿಂತಳು. ಅವರು ಸ್ಟೂಲು ಎಳೆದು, ತಮ್ಮ ಹೆಗಲ ಮೇಲಿನ ವಸ್ತ್ರದಿಂದ ಅದರ ಧೂಳು ಒರೆಸಿದರು.

"ಕೂಡು ಬೇಟಿ. ಸಾಲ ತಗೊಂಡಿದ್ದು ಖರೇನಾ?"

"ಖರೇರಿ."

"ತೀರಸಬೇಕಂತ ಮನಸದನಾ?"

"ಅದರಿ. ಆದ್ರ ಈಗ ಆಗಲ್ದು."

"ಹಂಗಾದ್ರ ಮಾರಿ ಮ್ಯಾಲೆತ್ತಿ ಮಾತಾಡು. ನೀ ಕಳವು ಮಾಡಿಲ್ಲ. ಸಾಲ ಕಟ್ಟಾಕ ಆಗಲಿಲ್ಲ ಅನ್ನೋ ಒಂದೇ ಕಾರಣಕ್ಕ ಯಾರೂ ಜೇಲಿಗಿ ಒಯ್ಯಂಗಿಲ್ಲ. ಚೆಕ್ ಬರದು ಕೊಟ್ಟೀರೇನು ಅವರಿಗಿ?"

"ಇಲ್ರಿ."

"ಒಳ್ಳೇದಾಯ್ತು. ಖಾತಾದಾಗ ರೊಕ್ಕಿಲ್ಲದ ಚೆಕ್ ವಾಪಸ್ ಬಂದ್ರ ಅದರ ಕೇಸೇ ಬ್ಯಾರೆ. ಖಾಲಿ ಚೆಕ್ ಆಗಲಿ, ಖಾಲಿ ಕಾಗದ ಆಗಲಿ, ಯಾರಿಗೂ ಸಹಿ ಹಾಕಿ ಕೊಡಬ್ಯಾಡ. ನಾಳಿನ ಕಾಗದ ಏನದು?"

ಹಜಿರಾ ಬೀ ಹೇಳಿದಳು. ಶಂಶುದ್ದೀನ್ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

"ಈ ಕಾಗದ ನಾ ಇಲ್ಲೇ ನಾಕೈದು ಸಲ ನೋಡೀನಿ. ಆಟೊದವರು, ಟ್ರ್ಯಾಕ್ಟರದವರು ಸಹಿ ಹಾಕಿ ಆಮ್ಯಾಲ ಅಳಕೋತ ಬರ್ತಾರ. ನಾವೇ ಖುಷೀಲೆ ಒಪ್ಪಿಸೀವಿ ಅಂತ ಬರದಿರ್ತದ. ಸಹಿ ಹಾಕಿದ ಮ್ಯಾಲ ಜಬರದಸ್ತಿ ಮಾಡ್ಯಾರ ಅಂದ್ರ ಯಾರು ನಂಬ್ತಾರ? ನೋಡು, ಮಷೀನ್ ಮ್ಯಾಲ ಸಾಲ ಕೊಟ್ಟಾರ, ಕಂಪನಿಗೂ ಹಕ್ಕದ. ಇಲ್ಲ ಅನ್ನಂಗಿಲ್ಲ. ಆದ್ರ ಮೊದಲು ಬರವಣಿಗ್ಯಾಗ ನೋಟಿಸ್ ಕೊಡಬೇಕು, ಟೈಮ್ ಕೊಡಬೇಕು. ಕಟ್ಟಿ ಮ್ಯಾಲ ಕೂತು ಓಣಿ ಮಂದಿ ಮುಂದ ಮಾನ ಕಳೀಲಾಕ, ಹೊತ್ತಲ್ಲದ ಹೊತ್ತಿನಾಗ ಬಂದು ಬಾಗಿಲು ಬಡೀಲಾಕ ಅವರಿಗಿ ಹಕ್ಕಿಲ್ಲ. ಬಂದವನಿಗಿ ಮೊದಲು ಕಾರ್ಡ್ ಕೇಳು. ಕಂಪನಿ ಕಳಿಸಿದ್ದಕ್ಕ ಚೀಟಿ ಕೇಳು."

"ನಾ ಕೇಳಬೇಕೇನ್ರಿ? ಅವ್ರಿಗಿ?"

"ಮತ್ತ ನಾ ಬಂದು ಕೇಳಲೇನು?" ಎಂದು ನಕ್ಕರು. "ಈಗ ಇದು ಹೇಳು. ತಿಂಗಳಿಗಿ ಎಷ್ಟು ಕೊಡಾಕ ಆಗ್ತದ?"

"ಎರಡು ಸಾವಿರ," ಎಂದಳು ಸಂಗಮ್ಮ, ಒಮ್ಮೆಲೇ.

ಅವರು ಪೆನ್ನು ಕೆಳಗಿಟ್ಟರು. ಗಿರಣಿ ದಿನಕ್ಕೆ ಎಷ್ಟು ಹೊತ್ತು ನಡೆಯುತ್ತದೆ, ಕರೆಂಟು ಬಿಲ್ಲು ಎಷ್ಟು, ಗುರುನಾಥನ ಔಷಧ ಎಷ್ಟು, ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎಂದು ಒಂದೊಂದೇ ಕೇಳಿದರು. ಲೆಕ್ಕ ಸಾವಿರದ ಇನ್ನೂರಕ್ಕೆ ಬಂದು ನಿಂತಿತು.

"ಎರಡು ಸಾವಿರ ಅಂದಿದ್ದು ನಿನ್ನ ನಾಚಿಕಿ, ನಿನ್ನ ಶರಮು. ನಿನ್ನ ಗಳಿಕಿ ಅಲ್ಲ. ಶರಮಿಗಿ ಹೇಳಿದ ಲೆಕ್ಕ ಎರಡು ತಿಂಗಳು ನಡೀತದ. ಮೂರನೇ ತಿಂಗಳು ಮತ್ತ ಗಾಡಿ ಬಂದು ನಿಂದರ್ತದ. ಆಗೋದೇ ಹೇಳು, ಹೇಳಿದ್ದು ಕಟ್ಟು."

ಅವರು ಕಂಪನಿಯ ಮ್ಯಾನೇಜರರಿಗೆ ಪತ್ರ ಬರೆದರು. ಒಂದು ವರ್ಷ ತಪ್ಪದೆ ಕಟ್ಟಿದ್ದು, ಕೈಗೆ ಗಾಯವಾದದ್ದು, ಈಗ ಕಟ್ಟಲು ಆಗುವ ಮೊತ್ತ, ಸಾಲ ತೀರಿಸುವ ಮುದ್ದತ್ತು ಹೆಚ್ಚಿಸಿ ಕೊಡಬೇಕೆಂಬ ವಿನಂತಿ, ಗಿರಾಕಿಗಳ ಮುಂದೆ ಅವಮಾನ ಮಾಡಬಾರದೆಂಬ ಮಾತು. ಇಷ್ಟೇ. ಒಂದು ಪ್ರತಿಯನ್ನು ರಿಜಿಸ್ಟರ್ ಟಪಾಲಿನಲ್ಲಿ ಹಾಕಿಸಿದರು. ಉಳಿದ ಎರಡು ಪ್ರತಿ ಸಂಗಮ್ಮನ ಕೈಗೆ ಕೊಟ್ಟರು. ಕೋರ್ಟಿನ ಆವರಣವನ್ನು ತೋರಿಸಿ, "ಅವರು ಕೇಳಲಿಲ್ಲಾಂದ್ರ ಅಲ್ಲಿ ಕಾನೂನು ಸೇವಾ ಸಮಿತಿ ಅದ. ಹೆಣ್ಮಕ್ಕಳಿಗಿ ವಕೀಲರು ಪುಕ್ಕಟೆ. ಹೋಗಾಕ ನಾಚಬ್ಯಾಡ," ಎಂದರು.

ಬರೆದುಕೊಟ್ಟದ್ದಕ್ಕೆ ಎಷ್ಟೆಂದು ಸಂಗಮ್ಮ ಕೇಳಿದಳು. "ಐದು ರೂಪಾಯಿ. ಪುಕ್ಕಟೆ ಬರದ ಅರ್ಜಿಗಿ ಬರಕತ್ತಿಲ್ಲ, ಫಲ ಹತ್ತಂಗಿಲ್ಲ," ಎಂದು ಐದು ರೂಪಾಯಿ ತೆಗೆದುಕೊಂಡರು. ಆಮೇಲೆ ನಮ್ಮ ಮೂವರಿಗೂ ಹದಿನೈದು ರೂಪಾಯಿಯ ಚಹಾ ಮತ್ತು ಖಾರಿ ಬಿಸ್ಕೀಟು ತರಿಸಿದರು.

ಅಂದು ಸಂಜೆ ಗುರುನಾಥ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. "ಕಾಗದಕ್ಕ ಅವ ಹೆದರ್ತಾನಾ?" ಎಂದ. ಹಜಿರಾ ಬೀ ಮಾತ್ರ ಮನೆ ಮನೆಗೆ ಹೋಗಿ ಒಂದೇ ಮಾತು ಹೇಳಿ ಬಂದಳು. "ನಾಳಿ ಎಂಟಕ್ಕ ಸಂಗಕ್ಕನ ಗಿರಣಿಗಿ ಜ್ವಾಳ ತರ್ರಿ." ಯಾಕೆಂದು ಯಾರೂ ಕೇಳಲಿಲ್ಲವಂತೆ.

ಶುಕ್ರವಾರ ನಾನು ಗೋಧಿಯ ಡಬ್ಬಿ ಹಿಡಿದು ಹೋದಾಗ ಕಟ್ಟೆಯ ಮೇಲೆ ಕೂಡಲು ಜಾಗವಿರಲಿಲ್ಲ. ಹದಿನೈದು ಇಪ್ಪತ್ತು ಹೆಂಗಸರು. ಬುಟ್ಟಿ, ಡಬ್ಬಿ, ಚೀಲ. ಅದರಲ್ಲಿ ಎಷ್ಟೋ ಜನ ಮೊನ್ನೆಯಷ್ಟೇ ಬೇರೆ ಕಡೆ ಬೀಸಿಸಿದವರು. ಭಾಗಮ್ಮನ ಚೀಲದಲ್ಲಿ ಒಂದು ಸೇರು ಜೋಳವೂ ಇರಲಿಲ್ಲ. ಬರಬೇಕಲ್ಲ ಎಂದು ಬಂದಿದ್ದಳು. ಸಂಗಮ್ಮ ಗಿರಣಿ ಹಚ್ಚಿದಳು, ಆರಿಸಿದಳು, ಹಚ್ಚಿದಳು. ನೀರು ಕುಡಿದಳು. ಅರ್ಧ ಲೋಟ ಸೀರೆಯ ಮೇಲೆ ಚೆಲ್ಲಿಕೊಂಡಳು.

ಮೊದಲು ಮೋಟರ್ ಸೈಕಲ್ ಬಂತು. ಹಿಂದೆ ಟೆಂಪೊ.

ಓಂಪ್ರಕಾಶ ಇಷ್ಟು ಜನರನ್ನು ನೋಡಿ ತಡೆದ. ಆದರೂ ನಗುತ್ತ ಕಾಗದ ತೆಗೆದ. "ಇಲ್ಲಿ ಒಂದು, ಇಲ್ಲಿ ಒಂದು. ಎರಡು ಸಹಿ ಅಷ್ಟೇ ಅಕ್ಕಾ."

"ಓದ್ರಿ ಮೊದಲ," ಎಂದಳು ಸಂಗಮ್ಮ.

"ನಿಮಗ್ಯಾಕ ಅದರ ತ್ರಾಸ? ಎಲ್ಲಾ ನಾ ಹೇಳೀನಲ್ಲ."

ಅವಳು ಕಾಗದ ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು. ನಾನು ಎಲ್ಲರಿಗೂ ಕೇಳುವಂತೆ ಓದಿದೆ. ಗಿರಣಿಯ ಯಂತ್ರವನ್ನೂ ಮೋಟರನ್ನೂ ನಾವು ರಾಜಿಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ಕಂಪನಿಯ ವಶಕ್ಕೆ ಒಪ್ಪಿಸಿದ್ದೇವೆ. ಮಾರಿ ಬಂದ ಹಣ ಸಾಲಕ್ಕೆ ಸಾಲದಿದ್ದರೆ ಉಳಿದದ್ದನ್ನು ನಾವೇ ಕಟ್ಟುತ್ತೇವೆ. ಮುಂದೆ ಯಾವ ತಕರಾರೂ ಮಾಡುವುದಿಲ್ಲ.

"ಅಯ್ಯ ಶಿವನೇ! ಗಿರಣೀನೂ ಹೋಯ್ತು, ಸಾಲನೂ ಉಳೀತು," ಎಂದಳು ಭಾಗಮ್ಮ.

ಒಳಗಿನಿಂದ ಗುರುನಾಥ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಓದಿದ್ದೆಲ್ಲ ಅವನಿಗೆ ಕೇಳಿಸಿತ್ತು.

"ಇದಕ್ಕ ನಾ ಸಹಿ ಹಾಕಂಗಿಲ್ರಿ," ಎಂದಳು ಸಂಗಮ್ಮ. ಪತ್ರದ ಎರಡೂ ಪ್ರತಿಗಳನ್ನು ಅವನ ಮುಂದೆ ಹಿಡಿದಳು. "ಸಾಲ ನಮ್ಮದದ. ಕೊಡ್ತೀವಿ. ಎಷ್ಟು ಕೊಡಾಕ ಆಗ್ತದ ಇದರಾಗ ಬರದದ. ಒಂದು ನಿಮಗ. ಇನ್ನೊಂದರ ಮ್ಯಾಲ ಮುಟ್ಟಿತು ಅಂತ ಸಹಿ ಹಾಕಿ ಕೊಡ್ರಿ. ಮತ್ತ, ನಿಮ್ಮ ಕಾರ್ಡ್ ಎಲ್ಲದರಿ? ಕಂಪನಿ ಚೀಟಿ ಎಲ್ಲದ? ನೋಟಿಸ್ ಎಲ್ಲದ?"

ಓಂಪ್ರಕಾಶ ಎದೆಯ ಜೇಬು ಮುಟ್ಟಿಕೊಂಡ. ಪ್ಯಾಂಟಿನ ಜೇಬು ಮುಟ್ಟಿಕೊಂಡ. "ನನಗ ಕಾರ್ಡ್ ಕೇಳ್ತಿ? ಪೊಲೀಸ್ರಿಗಿ ಕರಿತೀನಿ ನೋಡು!"

"ಕರೀರಿ," ಎಂದ ಗುರುನಾಥ ಬಾಗಿಲಿನಿಂದ. ಅವನ ಬಾಯಿಂದ ಆ ಮಾತು ಬಂದದ್ದು ಕೇಳಿ ಸಂಗಮ್ಮನೇ ತಿರುಗಿ ನೋಡಿದಳು. "ಈ ಕಾಗದ ಅವ್ರಿಗೂ ಓದಿ ತೋರಸ್ತೀವಿ."

ಟೆಂಪೊದವನು ಇಣುಕಿ, "ಅಣ್ಣಾ, ಮಷೀನ್ ಬರ್ತದೋ ಇಲ್ಲೋ? ಖಾಲಿ ಹೋದ್ರೂ ನನ್ನ ಬಾಡಿಗಿ ಕೊಡಬೇಕ್ ನೋಡು," ಎಂದ.

"ಅವನಿಗೂ ಕಿಸ್ತ್ ಮಾಡಿ ಕೊಡು ಬಾಬಾ!" ಎಂದಳು ಹಜಿರಾ ಬೀ. ಓಣಿಯೆಲ್ಲ ನಕ್ಕಿತು. ಓಂಪ್ರಕಾಶ ಕೆಂಪಾಗಿ ಗಾಡಿಯ ಕಡೆ ನಡೆದ.

ಅಮೃತ ಮಾತ್ರ ಹಿಂದೆ ಉಳಿದ. ತನ್ನ ಕಾರ್ಡು ತೆಗೆದು ಸಂಗಮ್ಮನಿಗೆ ತೋರಿಸಿದ. ಪತ್ರ ಮುಟ್ಟಿದೆ ಎಂದು ಸಹಿ ಹಾಕಿದ, ತಾರೀಖು ಬರೆದ. ಆಮೇಲೆ ಓಂಪ್ರಕಾಶನಿಗೆ ಬೆನ್ನು ತಿರುಗಿಸಿ ಮೆಲ್ಲಗೆ ಹೇಳಿದ. "ಮಂಗಳವಾರ ಮ್ಯಾನೇಜರ್ ಆಫೀಸಿನ್ಯಾಗ ಇರ್ತಾರ. ಹನ್ನೊಂದರ ಒಳಗ ಬರ್ರಿ. ದವಾಖಾನಿ ಕಾಗದ, ಹಳೇ ರಸೀದಿ ಎಲ್ಲಾ ತರ್ರಿ. ಗುರುನಾಥಪ್ಪಗೂ ಕರಕೊಂಡು ಬರ್ರಿ. ಕೈ ಕಣ್ಣಿಗಿ ಕಾಣಲಿ."

ಆ ಮಾತು ಅವನು ಹೇಳಲೇಬೇಕೆಂದಿರಲಿಲ್ಲ. ಅವನ ನೌಕರಿಗೆ ಅದರಿಂದ ಲಾಭವಿರಲಿಲ್ಲ.

ನಡುವಿನ ಮೂರು ದಿನ ಕಷ್ಟದವು. ಮತ್ತೆ ಬರುತ್ತಾರೇನೋ, ಜಾಸ್ತಿ ಜನ ತರುತ್ತಾರೇನೋ ಎಂದು ಸಂಗಮ್ಮ ಬಾಗಿಲಿಗೂ ಗಿರಣಿಗೂ ತಿರುಗಾಡಿದ್ದೇ ತಿರುಗಾಡಿದ್ದು. ಮಂಗಳವಾರ ಗಂಡ ಹೆಂಡತಿ ಹುಮನಾಬಾದಿಗೆ ಹೋದರು. ಶ್ರಾವಣದ ನಂತರ ಗುರುನಾಥ ಊರು ಬಿಟ್ಟದ್ದು ಅದೇ ಮೊದಲು. ಸಂಜೆಯ ಬಸ್ಸಿಗೆ ಬಂದರು. ಬಂದವನೇ ಹಜಿರಾ ಬೀಯ ಮನೆಯ ಮುಂದೆ ನಿಂತು ಅವನು ವರದಿ ಒಪ್ಪಿಸಿದ.

ಮ್ಯಾನೇಜರ್ ಮೊದಲು ಹುಬ್ಬು ಗಂಟಿಕ್ಕಿದನಂತೆ. ಟಪಾಲಿನ ಪತ್ರ ಅವನ ಮೇಜಿನ ಮೇಲೇ ಇತ್ತಂತೆ. ಹನ್ನೆರಡು ರಸೀದಿಗಳನ್ನು ಒಂದೊಂದಾಗಿ ನೋಡಿದನಂತೆ. ಒಂದು ತಾಸು ಕೂಡಿಸಿ ಕೊನೆಗೆ ಒಪ್ಪಿದ. ಎಂಟು ತಿಂಗಳು ಸಾವಿರದ ಇನ್ನೂರು, ಆಮೇಲೆ ಹಳೆಯ ಕಿಸ್ತು. ತಡವಾದದ್ದಕ್ಕೆ ಹಾಕಿದ್ದ ದಂಡದಲ್ಲಿ ಅರ್ಧ ಬಿಟ್ಟ. ಪೂರ್ತಿ ಬಿಡಲಿಲ್ಲ. ಸಾಲ ಮುಗಿಯುವುದು ತಡವಾಗುತ್ತದೆ, ಬಡ್ಡಿ ಅಷ್ಟು ಹೆಚ್ಚಾಗುತ್ತದೆ.

"ಬಾಯಿ ಮಾತಿನಾಗ ಮುಗಸಾಕ ನೋಡ್ದ," ಎಂದ ಗುರುನಾಥ. "ನಾ ಬಿಡಲಿಲ್ಲ. ಬರವಣಿಗ್ಯಾಗ ಕೊಡ್ರಿ, ಕಂಪನಿ ಸಿಕ್ಕಾ ಒತ್ರಿ ಅಂದ್ನಿ. ಮೊದಲಿನ ಸಾವಿರದ ಇನ್ನೂರು ಅಲ್ಲೇ ಕಟ್ಟಿದ್ನಿ. ರಸೀದಿ ಕೈಗಿ ಬರೋತನ ಕುರ್ಚಿ ಬಿಟ್ಟು ಏಳಲಿಲ್ಲ."

"ಕೊಡಬೇಕಾದವರಿಗಿ ಬಾಯಿ ಇಲ್ಲಂದಿದ್ರಿ ಅಲಾ ಭಾಯಿ?"

"ಹಂಗೇ ಅಂದಿದ್ನಿ ಹಜಿರಾ ಬೀ. ನೀವು ಇಲ್ಲಂದ್ರ ಇವತ್ತಿಗೂ ಹಂಗೇ ಅಂತಿದ್ನಿ."

ಸಂಗಮ್ಮನ ಕಷ್ಟ ಒಂದೇ ದಿನದಲ್ಲಿ ಕರಗಿತೆಂದು ನಾನು ಹೇಳುವುದಿಲ್ಲ. ಸಾಲ ತೀರುವವರೆಗೂ ಅವಳು ಕಿಸ್ತಿನ ತಾರೀಖು ಹತ್ತಿರ ಬಂದರೆ ತಳಮಳಿಸುತ್ತಿದ್ದಳು. ಆದರೆ ಗುಂಡಿ ಆರಿಸಿ ಒಳಗೆ ಓಡುತ್ತಿರಲಿಲ್ಲ. ಗಿರಣಿ ಈಗಲೂ ನಡೆಯುತ್ತಿದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಸಾಲವಿರಬಹುದು. ಯಾವುದೋ ತಿಂಗಳು ಕಟ್ಟಲು ಆಗದೆ ಹೋಗಬಹುದು. ಆಗ ಅಡಗಬೇಡಿ. ಅವರು ಬರುವ ಮೊದಲೇ ನೀವೇ ಹೋಗಿ, ನಿಜವಾಗಿ ಎಷ್ಟು ಆಗುತ್ತದೋ ಅಷ್ಟನ್ನು ಬರೆದು ಕೊಡಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ. ತಿಳಿಯದ ಕಾಗದಕ್ಕೆ, ಅದರ ಹೆಸರು ಎಷ್ಟೇ ಸಿಹಿಯಾಗಿರಲಿ, ಇನ್ನೊಬ್ಬರಿಂದ ಓದಿಸದೆ ಸಹಿ ಹಾಕಬೇಡಿ. ಒಂದು ಸಾಲ ತೀರಿಸಲು ಮೀಟರ್ ಬಡ್ಡಿಯ ಇನ್ನೊಂದು ಸಾಲ ತರಬೇಡಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಬೆದರಿಕೆ ಹಾಕಿದರೆ ಪೊಲೀಸರಿಗೆ ಹೇಳಿ. ತಾಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ.

ಸಾಲವಿಲ್ಲದವರಿಗೂ ಒಂದು ಮಾತಿದೆ. ನಿಮ್ಮ ಓಣಿಯಲ್ಲಿ ಯಾರದಾದರೂ ಬಾಗಿಲು ಹಾಡಹಗಲೇ ಮುಚ್ಚಿದ್ದರೆ, ಇವತ್ತೇ ಹೋಗಿ ತಟ್ಟಿ. ತಟ್ಟುವಾಗ ನಿಮ್ಮ ಹೆಸರು ಹೇಳಿ. ಒಳಗಿರುವವರು ಬಾಗಿಲ ಸದ್ದಿಗೆ ಹೆದರಿ ಕೂತಿರುತ್ತಾರೆ. ಬಂದದ್ದು ನೀವೆಂದು ಅವರಿಗೆ ಗೊತ್ತಾಗಬೇಕು.